ಔಲಿಯ ಸ್ಕೀಯಿಂಗ್ ತಾಣ: ತಪ್ಪು ಕಲ್ಪನೆ ಮತ್ತು ಸತ್ಯ

ಹಿಮದ ಇಳಿಜಾರಿನಲ್ಲಿ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ತೊಟ್ಟು ಜಾರುವ ಸ್ಕೀಯಿಂಗ್ ಕ್ರೀಡೆಗೆ ಆಲ್ಪ್ಸ್ ಪರ್ವತಗಳಲ್ಲಿರುವಂಥ ವಿಶಾಲ ತಾಣಗಳೇ ಬೇಕು, ಚಿಕ್ಕ ತಾಣಕ್ಕೆ ಹೋದವರು ಫೋಟೊ ತೆಗೆಸಿಕೊಂಡು ಮರಳಬೇಕಷ್ಟೇ ಎಂಬ ಭಾವನೆ ಬಲವಾಗಿದೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿಯನ್ನು ಗಮನಿಸಿದರೆ ಇದು ನಿಲ್ಲುವುದಿಲ್ಲ. ಶೃಂಗೇರಿಯಲ್ಲಿರುವಂತೆ ಶಂಕರಾಚಾರ್ಯರು ಸ್ಥಾಪಿಸಿದರೆಂದು ನಂಬಲಾದ ಮಠವುಳ್ಳ ಜೋಶಿಮಠದ ಮೇಲ್ಭಾಗದಲ್ಲಿ, ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ ಹಬ್ಬಿರುವ ಈ ತಾಣದಲ್ಲಿ ಹೊಸಬರಿಗೆ ಸೌಮ್ಯವಾದ, ನುರಿತವರಿಗೆ ಕಡಿದಾದ ಇಳಿಜಾರುಗಳಿವೆ; ಜನರನ್ನು ತೂಗುಕುರ್ಚಿಯಲ್ಲಿ ಮೇಲಕ್ಕೊಯ್ಯುವ ಚೇರ್‌ಲಿಫ್ಟ್, ಬಾಡಿಗೆಯ ಸಲಕರಣೆ, ತರಬೇತುದಾರರು, ವಸತಿ ಎಲ್ಲವೂ ಇವೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀಯಿಂಗ್ ಸ್ಪರ್ಧೆಗಳು ನಡೆದದ್ದೂ ಇಲ್ಲಿಯೇ.

ಸ್ಕೀಯಿಂಗ್ ಸಾಹಸಿಗಳಿಗೆ ಮಾತ್ರ ಎಂಬುದು ಇನ್ನೂ ಹಾನಿಕರವಾದ ನಂಬಿಕೆ, ಏಕೆಂದರೆ ಅದು ಕಲಿಯಬಲ್ಲವರನ್ನು ದೂರವಿಡುತ್ತದೆ. ಗಢವಾಲ್ ಮಂಡಲ ವಿಕಾಸ ನಿಗಮವು ಹೊಸಬರಿಗೆಂದೇ ಇಲ್ಲಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಮೊದಲ ಪಾಠಗಳಲ್ಲಿ ವೇಗಕ್ಕೆ ಸ್ಥಾನವಿಲ್ಲ. ಪಕ್ಕಕ್ಕೆ ಬಿದ್ದು ಏಳುವುದನ್ನು, ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವುದನ್ನು ಕಲಿಸಲಾಗುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಕಾಲಿನ ಮೇಲೆ ಬೀಳುವ ಬಲ ನಿಗದಿತ ಮಿತಿ ಮೀರಿದರೆ ಅದು ತಾನಾಗಿ ಕಳಚಿಕೊಳ್ಳಬೇಕು. ಈ ಮಿತಿಯನ್ನು ತೊಡುವವರ ತೂಕ, ಎತ್ತರ, ಬೂಟಿನ ಅಡಿಯ ಉದ್ದ ಮತ್ತು ಪರಿಣತಿಗೆ ತಕ್ಕಂತೆ ಹೊಂದಿಸಬೇಕಾದ್ದರಿಂದ, ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದಾಗ ಸಂಕೋಚದಿಂದ ಕಡಿಮೆ ಹೇಳುವುದು ಸಲ್ಲದು.

ಹಿಮ ಬೀಳದಿದ್ದರೆ ಯಂತ್ರಗಳಿಂದ ತಯಾರಿಸಬಹುದೆಂಬುದು ಅರ್ಧಸತ್ಯ. ಔಲಿಯಲ್ಲಿ ಇದಕ್ಕೆಂದೇ ಕೃತಕ ಸರೋವರವಿದೆ. ನೀರನ್ನು ಒತ್ತಡದ ಗಾಳಿಯೊಂದಿಗೆ ಸೂಕ್ಷ್ಮ ಹನಿಗಳಾಗಿ ಚಿಮ್ಮಿಸಿದಾಗ ಅವು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕಾದರೆ ಗಾಳಿ ಸಾಕಷ್ಟು ತಂಪಾಗಿಯೂ ಶುಷ್ಕವಾಗಿಯೂ ಇರಬೇಕು. ಬೆಚ್ಚಗಿನ ಚಳಿಗಾಲದಲ್ಲಿ ಯಂತ್ರವೂ ನಿರುಪಾಯ. 2023ರ ಫೆಬ್ರವರಿಯಲ್ಲಿ ಇಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆಗಳು ಹಿಮದ ಅಭಾವದಿಂದಲೇ ರದ್ದಾದವು.

ಚಳಿಯಿರುವಲ್ಲಿ ಬಿಸಿಲು ಬಾಧಿಸದು ಎಂಬುದೂ ಸರಿಯಲ್ಲ. ಹೊಸ ಹಿಮವು ನೇರಳಾತೀತ ಕಿರಣಗಳ ಶೇ. 80ರಷ್ಟನ್ನು ಪ್ರತಿಫಲಿಸಬಲ್ಲದಾದ್ದರಿಂದ ಕಪ್ಪು ಕನ್ನಡಕ ಅಲಂಕಾರವಲ್ಲ, ಅಗತ್ಯ.

ಜೋಶಿಮಠದಿಂದ ಔಲಿಗೆ ಸಾಗುವ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇಯನ್ನು, ಆ ಊರಿನ ನೆಲ ಕುಸಿಯತೊಡಗಿದಾಗ, 2023ರ ಜನವರಿಯಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಪ್ರವಾಸಿಗರು ಹಳೆಯ ಮಾಹಿತಿಯನ್ನು ನಂಬದೆ, ಹಿಮದ ಸ್ಥಿತಿಯನ್ನೂ ಸಂಚಾರ ವ್ಯವಸ್ಥೆಯನ್ನೂ ವಿಚಾರಿಸಿಕೊಂಡೇ ಹೊರಡಬೇಕು.