ತೆರೆದ ಪುಟಕ್ಕೆ ಬಂದ ಹೊಸ ಚೀಟಿ

ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೇ ಇಂದು ಯಾದವಗಿರಿಯಲ್ಲಿರುವ ಆಕಾಶವಾಣಿ. ಅಂಥ ಕೇಂದ್ರದಲ್ಲಿ ಉದ್ಘೋಷಕರ ಮುಂದೆ ಓದಬೇಕಾದುದರ ಪ್ರತಿ ಇರುತ್ತದೆ. ಪ್ರಸಾರ ನಡೆಯುತ್ತಿರುವಾಗಲೇ ಯಾರಾದರೂ ಒಂದು ಚೀಟಿ ತಂದಿಟ್ಟರೆ ಪ್ರಸಾರ ನಿಲ್ಲಿಸಬೇಕಿಲ್ಲ. ಅದನ್ನೂ ಓದಿ ಮುಂದುವರಿಯಬಹುದು.

ಅಂತರ್ಜಾಲದ ಪುಟದಲ್ಲಿಯೂ ಹೀಗೆಯೇ. ಪುಟ ತೆರೆದ ಮೇಲೆ, ಅದನ್ನು ಮೊದಲಿನಿಂದ ತರಿಸಿಕೊಳ್ಳದೆಯೇ, ಹೊಸ ಆದೇಶಗಳನ್ನು ಸೇರಿಸಬಹುದು. ಈ ಆದೇಶಗಳ ಕಟ್ಟಿಗೆ ‘ಸ್ಕ್ರಿಪ್ಟ್’ ಎಂದು ಹೆಸರು.

ಕನ್ನಡಕ್ಕೆ ಆದ ಅನುಕೂಲ

ಗಣಕದಲ್ಲಿ ಕನ್ನಡದ ತಂತ್ರಾಂಶ ಹಾಕಿಕೊಳ್ಳದಿದ್ದರೂ ಕನ್ನಡ ವಿಕಿಪೀಡಿಯದಲ್ಲಿ ಕನ್ನಡ ಬರೆಯಬಹುದು. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ವಿನ್ಯಾಸ ಮುಂತಾದವುಗಳಲ್ಲಿ ಒಂದನ್ನು ಆರಿಸಿದಾಗ ಅದರ ನಿಯಮಗಳ ಕಡತ ಬಂದು ಪುಟವನ್ನು ಸೇರುತ್ತದೆ. ಲಿಪ್ಯಂತರದಲ್ಲಿ ‘ಕೆ’ ಕೀಲಿ ಒತ್ತಿದರೆ ‘ಕ್’, ಹಿಂದೆಯೇ ‘ಎ’ ಒತ್ತಿದರೆ ‘ಕ’ ಮೂಡುತ್ತದೆ. ಬೇಕಾದುದು ಬೇಕಾದಾಗ ಮಾತ್ರ ಬರುವುದರಿಂದ ಪುಟವೂ ಹಗುರ.

ಇದರ ವಿಧಾನ ಸರಳ. ಪುಟದಲ್ಲಿ ‘ಸ್ಕ್ರಿಪ್ಟ್’ ಎಂಬ ಹೊಸ ಅಂಗವನ್ನು ಸೃಷ್ಟಿಸಿ, ಕಡತದ ವಿಳಾಸ ಕೊಟ್ಟು, ಪುಟಕ್ಕೆ ಜೋಡಿಸಬೇಕು. ಬ್ರೌಸರು ಅದನ್ನು ತಂದು ನಡೆಸುತ್ತದೆ. ಕಲಿಯುವವರು ಎಡವುವುದು ಎರಡು ಕಡೆ. ‘ಇನ್ನರ್ ಎಚ್‌ಟಿಎಂಎಲ್’ ಮೂಲಕ ಸ್ಕ್ರಿಪ್ಟನ್ನು ಬರಿಯ ಪಠ್ಯದಂತೆ ತುರುಕಿದರೆ ಅದು ಓಡುವುದಿಲ್ಲ. ಎರಡು ಕಡತಗಳನ್ನು ಒಟ್ಟಿಗೆ ಕರೆದರೆ ಸಾಮಾನ್ಯವಾಗಿ ಮೊದಲು ಬಂದು ಮುಟ್ಟಿದ್ದು ಮೊದಲು ಓಡುತ್ತದೆ. ಒಂದು ಇನ್ನೊಂದನ್ನು ನಂಬಿದ್ದರೆ, ಮೊದಲಿನದು ಬಂದಿತೆಂಬ ಸೂಚನೆಗಾಗಿ ಕಾಯಲೇಬೇಕು.

ಒಂದು ಕೆಲಸ, ಎರಡು ಬರವಣಿಗೆ

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಪ್ಲೋರರ್‌ನಲ್ಲಿ ಜೆಸ್ಕ್ರಿಪ್ಟ್ ತಂದಿತು. 1997ರ ಹೊತ್ತಿಗೆ ಪುಟದ ಭಾಗಗಳನ್ನು ಹುಡುಕಲು ಒಂದು ಬ್ರೌಸರು ‘ಲೇಯರ್ಸ್’ ಎಂದರೆ ಇನ್ನೊಂದು ‘ಆಲ್’ ಎನ್ನುತ್ತಿತ್ತು. ಹಾಗಾಗಿ ಒಂದೇ ಕೆಲಸವನ್ನು ಎರಡು ಬಗೆಯಲ್ಲಿ ಬರೆಯಬೇಕಿತ್ತು. ಕಡತ ಬಂತೆಂಬ ಸೂಚನೆಯೂ ಎಕ್ಸ್‌ಪ್ಲೋರರ್‌ನ 8ನೆಯ ಆವೃತ್ತಿಯವರೆಗೆ ಬೇರೆಯೇ ಆಗಿತ್ತು. 1998ರಲ್ಲಿ ಜಾಲ ಒಕ್ಕೂಟವು ಸಮಾನ ನಿಯಮಗಳನ್ನು ಪ್ರಕಟಿಸಿತು. 2006ರಲ್ಲಿ ಬಂದ ಜೆಕ್ವೆರಿ ಈ ಭೇದಗಳನ್ನು ಬಹುಮಟ್ಟಿಗೆ ಮರೆಮಾಡಿತು. ಇಂದಿನ ಬ್ರೌಸರುಗಳಲ್ಲಿ ಈ ಕೆಲಸಕ್ಕೆ ಒಂದೇ ಬರವಣಿಗೆ ಸಾಕು.

ಚೀಟಿ ಯಾರದು?

ಉದ್ಘೋಷಕರು ಚೀಟಿ ತಂದವರಾರೆಂದು ನೋಡುತ್ತಾರೆ. ಬ್ರೌಸರು ಹಾಗೆ ನೋಡುವುದಿಲ್ಲ. ಪುಟದೊಳಗೆ ಸೇರಿದ ಸ್ಕ್ರಿಪ್ಟಿಗೆ ಆ ಪುಟದ ಅಧಿಕಾರವೆಲ್ಲ ದಕ್ಕುತ್ತದೆ. ಬರೆದುದನ್ನು ಓದಬಹುದು, ನಿಮ್ಮ ಹೆಸರಿನಲ್ಲಿ ಸಂದೇಶ ಕಳುಹಿಸಬಹುದು. 2005ರ ಅಕ್ಟೋಬರಿನಲ್ಲಿ ಅಮೆರಿಕದ ಸ್ಯಾಮಿ ಕಮ್ಕಾರ್ ಎಂಬ ತರುಣ ಮೈಸ್ಪೇಸ್ ತಾಣದ ತನ್ನ ಪುಟದಲ್ಲಿ ಇಂಥದೊಂದು ಸ್ಕ್ರಿಪ್ಟನ್ನು ಅಡಗಿಸಿಟ್ಟ. ನೋಡಿದವರ ಪುಟಗಳಿಗೂ ಅದು ಹಬ್ಬಿ, ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಹೆಸರಿನಲ್ಲಿ ಅವನಿಗೆ ಗೆಳೆತನದ ಕೋರಿಕೆ ಕಳುಹಿಸಿತು!

ಯಾವ ವಿಳಾಸಗಳ ಸ್ಕ್ರಿಪ್ಟಿಗೆ ಪ್ರವೇಶವಿದೆ ಎಂಬ ಪಟ್ಟಿಯನ್ನು ಈಗ ತಾಣಗಳು ಬ್ರೌಸರಿಗೆ ಮೊದಲೇ ಕೊಡಬಹುದು. ಆದರೆ ಬಳಕೆದಾರನೇ ಕೈಯಾರೆ ಬಾಗಿಲು ತೆರೆದರೆ? “ಎಫ್ 12 ಒತ್ತಿ ಇದನ್ನು ಅಂಟಿಸಿ, ಬಹುಮಾನ ಸಿಗುತ್ತದೆ” ಎಂಬ ಸಂದೇಶಗಳ ಹಂಚಿಕೆ ಇದೇ.

ಹಾಗೆಂದು ಮಕ್ಕಳನ್ನು ಈ ವಿದ್ಯೆಯಿಂದ ದೂರ ಇಡಬೇಕಿಲ್ಲ. ತಮ್ಮ ಗಣಕದಲ್ಲೇ ಸಣ್ಣ ಪುಟವೊಂದನ್ನು ಬರೆದು, ಗುಂಡಿ ಒತ್ತಿದಾಗ ಹೊಸ ಸ್ಕ್ರಿಪ್ಟ್ ಬರುವಂತೆ ಮಾಡಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಪರೀಕ್ಷಿಸಲಿ. ಆದರೆ ಬ್ಯಾಂಕಿನದಾಗಲಿ ಶಾಲೆಯದಾಗಲಿ, ಗುಪ್ತಪದ ಕೊಟ್ಟು ಒಳಹೋದ ಪುಟದಲ್ಲಿ, ಅರ್ಥವಾಗದ ಒಂದು ಸಾಲನ್ನೂ ಅಂಟಿಸಬಾರದು. ಈ ಒಂದು ನಿಯಮವನ್ನು ತಂದೆತಾಯಿಯರೂ ಪಾಲಿಸಿದರೆ ಮನೆಯ ಗಣಕ ಅಷ್ಟರಮಟ್ಟಿಗೆ ಸುರಕ್ಷಿತ.