ಆರೋಗ್ಯ ವಿಮೆಯ ನವೀಕರಣ: ಕಚೇರಿಯ ಮರುಪಾವತಿ ಪಡೆಯುವವರು ತಿಳಿದಿರಬೇಕಾದ ಸಂಗತಿಗಳು

ಊರಿನಲ್ಲಿ ಮನೆಯವರಾರಾದರೂ ಹಾಸಿಗೆ ಹಿಡಿದರೆ ನೆರೆಹೊರೆಯವರು, ಬಂಧುಗಳು, ಪರಿಚಯದ ವೈದ್ಯರು ಕೂಡಲೇ ಒದಗುತ್ತಾರೆ. ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಚೆನ್ನೈಗಳಂಥ ಮಹಾನಗರಗಳಲ್ಲಿ ನೆಲೆಸಿದ ಕುಟುಂಬಕ್ಕೆ ಆ ಆಸರೆ ದೂರದ್ದು. ಇಲ್ಲಿ ಆಸ್ಪತ್ರೆಯ ಪ್ರವೇಶದ್ವಾರದಲ್ಲಿ ಮುಂಗಡ ಹಣವನ್ನು ಕೇಳುತ್ತಾರೆ, ಇಲ್ಲವೇ ವಿಮೆಯ ಕಾರ್ಡನ್ನು ಕೇಳುತ್ತಾರೆ. 1986ರಲ್ಲಿ ಸರಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪೆನಿಗಳು ‘ಮೆಡಿಕ್ಲೈಮ್’ ಯೋಜನೆಯನ್ನು ಜಾರಿಗೆ ತಂದಂದಿನಿಂದ ಈ ಕಾರ್ಡು ಮಧ್ಯಮ ವರ್ಗದ ಸಂಸಾರಗಳಿಗೆ ಕ್ರಮೇಣ ಅನಿವಾರ್ಯವಾಗುತ್ತ ಬಂದಿದೆ.

ನೌಕರರ ಆರೋಗ್ಯ ವಿಮೆಯ ವಿಷಯದಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಎರಡು ಪದ್ಧತಿಗಳನ್ನು ಅನುಸರಿಸುತ್ತವೆ. ಎಲ್ಲ ನೌಕರರಿಗೂ ಸೇರಿಸಿ ಸಂಸ್ಥೆಯೇ ಒಂದು ಸಮೂಹ ಪಾಲಿಸಿಯನ್ನು ಕೊಳ್ಳುವುದು ಮೊದಲನೆಯದು. ನೌಕರನು ತನ್ನ ಹೆಸರಿನಲ್ಲಿ ವೈಯಕ್ತಿಕ ಪಾಲಿಸಿಯನ್ನು ಪಡೆದು ಪ್ರೀಮಿಯಂ ಕಟ್ಟುವುದು, ಸಂಸ್ಥೆಯು ರಸೀದಿ ನೋಡಿ ಒಂದು ಮಿತಿಯವರೆಗೆ ಆ ಹಣವನ್ನು ಮರುಪಾವತಿ ಮಾಡುವುದು ಎರಡನೆಯದು. ಈ ಲೇಖನದಲ್ಲಿ ಎರಡನೆಯ ಪದ್ಧತಿಯನ್ನು ಮಾತ್ರ ವಿಚಾರಿಸಲಾಗಿದೆ.

ಕರಾರು ಯಾರ ಯಾರ ನಡುವೆ?

ವೈಯಕ್ತಿಕ ಪಾಲಿಸಿಯ ಕರಾರು ನೌಕರನಿಗೂ ವಿಮಾ ಕಂಪೆನಿಗೂ ಸಂಬಂಧಿಸಿದ್ದು. ಕಚೇರಿಯು ಅದರಲ್ಲಿ ಪಕ್ಷಗಾರನಲ್ಲ. ಅದು ಖರ್ಚಿನ ಒಂದು ಪಾಲನ್ನು ಭರಿಸುತ್ತದೆ, ಅಷ್ಟೆ. ಆದುದರಿಂದ ಗಡುವಿನೊಳಗೆ ಪ್ರೀಮಿಯಂ ಕಟ್ಟುವ ಹೊಣೆ ಸಂಪೂರ್ಣವಾಗಿ ನೌಕರನದು. ಮಂಜೂರಾತಿ ತಡವಾಯಿತು, ಲೆಕ್ಕಪತ್ರ ವಿಭಾಗದವರು ರಜೆಯಲ್ಲಿದ್ದರು ಎಂಬ ಕಾರಣಗಳನ್ನು ವಿಮಾ ಕಂಪೆನಿಯು ಪರಿಗಣಿಸಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಡೊಂಬಿವಲಿಯಲ್ಲಿ ವಾಸಿಸುವ ಗೃಹಸ್ಥರೊಬ್ಬರ ಪಾಲಿಸಿಯು ಜುಲೈ 10ರ ಮಧ್ಯರಾತ್ರಿಗೆ ಮುಗಿಯುತ್ತದೆ. ‘ಕಚೇರಿಯ ಒಪ್ಪಿಗೆ ಬರಲಿ, ಆಮೇಲೆ ಕಟ್ಟಿದರಾಯಿತು’ ಎಂದು ಅವರು ಸುಮ್ಮನಿರುತ್ತಾರೆ. ಜುಲೈ 18ರಂದು ಅವರ ಪತ್ನಿಗೆ ಪಿತ್ತಕೋಶದ ಕಲ್ಲಿನ ಬಾಧೆ ಉಲ್ಬಣಿಸಿ ಶಸ್ತ್ರಚಿಕಿತ್ಸೆಯಾಗುತ್ತದೆ. 25ರಂದು ಅವರು ಪ್ರೀಮಿಯಂ ಕಟ್ಟುತ್ತಾರೆ. ವಾರ್ಷಿಕ ಪ್ರೀಮಿಯಂ ಕಟ್ಟುವವರಿಗೆ 30 ದಿನಗಳ ರಿಯಾಯಿತಿ ಅವಧಿ ಇರುವುದರಿಂದ ಪಾಲಿಸಿಯೇನೋ ಉಳಿಯುತ್ತದೆ. ಆದರೆ ನಡುವಿನ ದಿನಗಳಲ್ಲಿ ವಿಮೆಯ ರಕ್ಷಣೆ ಇರಲಿಲ್ಲವಾದ ಕಾರಣ ಆ ಶಸ್ತ್ರಚಿಕಿತ್ಸೆಯ ವೆಚ್ಚ ದೊರೆಯುವುದಿಲ್ಲ. ರಿಯಾಯಿತಿ ಅವಧಿಯು ಪಾಲಿಸಿಯ ನಿರಂತರತೆಯನ್ನು ಕಾಯುತ್ತದೆಯೇ ಹೊರತು ಆ ದಿನಗಳ ರೋಗಕ್ಕೆ ಹಣ ಕೊಡುವುದಿಲ್ಲ ಎಂಬುದನ್ನು ಬಹಳ ಮಂದಿ ಅರಿತಿಲ್ಲ.

ನಿರಂತರತೆಯ ಬೆಲೆ

ಆ 30 ದಿನಗಳೂ ಕಳೆದುಹೋದರೆ ಹಾನಿ ಇನ್ನೂ ದೊಡ್ಡದು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡ ಮುಂತಾದ ಕಾಯಿಲೆಗಳಿಗೆ ಕಂಪೆನಿಗಳು ಕಾಯುವ ಅವಧಿಯನ್ನು ವಿಧಿಸುತ್ತವೆ. 2024ರ ನಿಯಮಗಳ ಪ್ರಕಾರ ಇದು ಗರಿಷ್ಠ 36 ತಿಂಗಳು. ಅದಕ್ಕೆ ಮೊದಲು 48 ತಿಂಗಳಿತ್ತು. ಕಣ್ಣಿನ ಪೊರೆ, ಹರ್ನಿಯಾ ಮೊದಲಾದವುಗಳಿಗೂ ಪ್ರತ್ಯೇಕ ಕಾಯುವ ಅವಧಿಯುಂಟು. ಇದಲ್ಲದೆ, 60 ತಿಂಗಳು ಎಡೆಬಿಡದೆ ನಡೆದ ಪಾಲಿಸಿಯ ಮೇಲೆ, ವಂಚನೆ ಸಾಬೀತಾದ ಹೊರತು, ‘ಹಿಂದಿನ ಕಾಯಿಲೆಯನ್ನು ತಿಳಿಸಿರಲಿಲ್ಲ’ ಎಂದು ಕಂಪೆನಿಯು ತಕರಾರು ಎತ್ತುವಂತಿಲ್ಲ. ಪಾಲಿಸಿ ರದ್ದಾದರೆ ಈ ಎಲ್ಲ ಎಣಿಕೆಯೂ ಮೊದಲಿನಿಂದ ಆರಂಭವಾಗುತ್ತದೆ. ವಯಸ್ಸು ಹೆಚ್ಚಾಗಿರುವುದರಿಂದ ಹೊಸ ಪಾಲಿಸಿ ದೊರೆಯುವುದೂ ಕಷ್ಟವಾಗಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಹಿಂದಿನ ವರ್ಷ ಪರಿಹಾರ ಪಡೆದಿದ್ದರೆ ಕಂಪೆನಿಯು ನವೀಕರಿಸಲಾರದೆಂಬ ಭಯವೂ ಕೆಲವರಲ್ಲಿದೆ. ಪರಿಹಾರ ಪಡೆದರೆಂಬ ಒಂದೇ ಕಾರಣದಿಂದ ನವೀಕರಣವನ್ನು ನಿರಾಕರಿಸುವಂತಿಲ್ಲ.

ಮರುಪಾವತಿ ಮತ್ತು ತೆರಿಗೆ

ನೌಕರನು ತನ್ನ ಅಥವಾ ಕುಟುಂಬದ ಆರೋಗ್ಯ ವಿಮೆಗಾಗಿ ಕಟ್ಟಿದ ಪ್ರೀಮಿಯಂನ್ನು ಮಾಲೀಕನು ಮರುಪಾವತಿ ಮಾಡಿದರೆ, ಪಾಲಿಸಿಯು ಮಾನ್ಯತೆ ಪಡೆದ ಯೋಜನೆಯದಾಗಿದ್ದಲ್ಲಿ, ಆ ಹಣವನ್ನು ತೆರಿಗೆಗೆ ಒಳಪಡುವ ಸೌಲಭ್ಯವೆಂದು ಎಣಿಸುವುದಿಲ್ಲ. ಆದರೆ ಹೀಗೆ ಹಿಂದಕ್ಕೆ ಬಂದ ಮೊತ್ತಕ್ಕೆ ‘80ಡಿ’ ಎಂದು ಜನಜನಿತವಾದ ಕಡಿತವನ್ನು ಮತ್ತೆ ಕೇಳುವುದು ಸರಿಯಲ್ಲ. ಪ್ರೀಮಿಯಂ 32,000 ರೂಪಾಯಿ, ಕಚೇರಿಯ ಮಿತಿ 20,000 ರೂಪಾಯಿ ಎಂದಾದರೆ, ಸ್ವಂತ ಜೇಬಿನಿಂದ ಹೋದ 12,000 ರೂಪಾಯಿಗೆ ಮಾತ್ರ ಕಡಿತವನ್ನು ಕೇಳಬಹುದು. ಅದೂ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಪ್ರೀಮಿಯಂನ್ನು ನಗದಾಗಿ ಕಟ್ಟಿರಲೂ ಬಾರದು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆಯನ್ನು ತೆಗೆದುಹಾಕಲಾಗಿದೆ. ಹಳೆಯ ರಸೀದಿಯನ್ನು ಹೊಸದರೊಡನೆ ಹೋಲಿಸುವಾಗ ಇದನ್ನು ನೆನಪಿನಲ್ಲಿಡಬೇಕು.

ನವೀಕರಣಕ್ಕೆ ಮುನ್ನ

ಒಂದು: ಅವಧಿ ಮುಗಿಯುವುದಕ್ಕೆ ಎರಡು ತಿಂಗಳ ಮುಂಚೆ ಪಾಲಿಸಿಯನ್ನು ಹೊರತೆಗೆದು ಓದಬೇಕು. ವಿಮಾ ಮೊತ್ತವನ್ನು ಹೆಚ್ಚಿಸುವ ಅಗತ್ಯವಿದೆಯೇ ಎಂದು ಯೋಚಿಸಬೇಕು. ಹೆಚ್ಚಿಸಿದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಆರಂಭವಾಗುವುದರಿಂದ, ಆರೋಗ್ಯ ಚೆನ್ನಾಗಿರುವಾಗಲೇ ಇದನ್ನು ಮಾಡುವುದು ಜಾಣತನ.

ಎರಡು: ಕೊಠಡಿಯ ಬಾಡಿಗೆಗೆ ಮಿತಿಯಿದೆಯೇ ನೋಡಬೇಕು. ದಿನಕ್ಕೆ 3,000 ರೂಪಾಯಿಯ ಮಿತಿಯಿದ್ದು ರೋಗಿಯು 6,000 ರೂಪಾಯಿಯ ಕೊಠಡಿಯಲ್ಲಿದ್ದರೆ, ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆಯಷ್ಟೇ ಅಲ್ಲದೆ ವೈದ್ಯರ ಶುಲ್ಕ ಮುಂತಾದವುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ.

ಮೂರು: ಬೇರೆ ಕಂಪೆನಿಗೆ ಪಾಲಿಸಿಯನ್ನು ವರ್ಗಾಯಿಸಬೇಕೆಂದಿದ್ದರೆ ನವೀಕರಣದ ದಿನಕ್ಕೆ 45 ದಿನಗಳಷ್ಟಾದರೂ ಮೊದಲು ಅರ್ಜಿ ಸಲ್ಲಿಸುವುದು ಕ್ಷೇಮ. ಆಗ ಕಾಯುವ ಅವಧಿಯಲ್ಲಿ ಕಳೆದ ಕಾಲವು ನಷ್ಟವಾಗದು.

ನಾಲ್ಕು: ಮರುಪಾವತಿಯ ಮಿತಿ, ತಂದೆತಾಯಿಗಳ ಪ್ರೀಮಿಯಂ ಸೇರುವುದೋ ಇಲ್ಲವೋ, ಬಿಲ್ಲು ಸಲ್ಲಿಸುವ ಕೊನೆಯ ದಿನ ಇವನ್ನು ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ ತಿಳಿಯಬೇಕು. ರಸೀದಿ ಮತ್ತು ಪಾಲಿಸಿಯ ಪ್ರತಿಗಳನ್ನು ಮನೆಯಲ್ಲಿಯೂ ಇರಿಸಿಕೊಳ್ಳಬೇಕು.

ಉದ್ಯೋಗ ಬಿಟ್ಟಾಗ

ಕಚೇರಿಯು ಮರುಪಾವತಿಯನ್ನು ನಿಲ್ಲಿಸಿ ಸಮೂಹ ಪಾಲಿಸಿಯನ್ನು ಕೊಟ್ಟಾಗ ‘ಇನ್ನು ಸ್ವಂತದ್ದೇಕೆ?’ ಎಂದು ವೈಯಕ್ತಿಕ ಪಾಲಿಸಿಯನ್ನು ಬಿಡುವವರುಂಟು. ಇದು ಅವಿವೇಕ. ಸಮೂಹ ಪಾಲಿಸಿಯ ರಕ್ಷಣೆ ಸಾಮಾನ್ಯವಾಗಿ ಉದ್ಯೋಗದೊಂದಿಗೇ ಕೊನೆಗೊಳ್ಳುತ್ತದೆ. ವೈಯಕ್ತಿಕ ಪಾಲಿಸಿಯಾದರೋ ನಿವೃತ್ತಿಯ ನಂತರವೂ, ಧಾರವಾಡಕ್ಕೋ ಉಡುಪಿಗೋ ಮರಳಿ ಹೋದಮೇಲೂ, ಪ್ರೀಮಿಯಂ ಕಟ್ಟುವವರೆಗೆ ಜೊತೆಗಿರುತ್ತದೆ. ಮರುಪಾವತಿಯ ಪದ್ಧತಿಯಲ್ಲಿ ನೌಕರನಿಗೆ ದೊರೆಯುವ ನಿಜವಾದ ಲಾಭ ಇದೇ.

ನ್ಯಾಯವಾದ ಪರಿಹಾರವು ನಿರಾಕೃತವಾದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್‌ರ ಮೊರೆಹೋಗಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರುಗಳಲ್ಲಿ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಹರಿದಿನಗಳನ್ನು ಗುರುತಿಸುವಂತೆ ಪಾಲಿಸಿಯ ನವೀಕರಣದ ದಿನವನ್ನೂ ಗುರುತಿಸಿಡುವುದು ಒಳ್ಳೆಯದು. ಪಾಲಿಸಿಯ ಕಾಗದಗಳನ್ನು ಎಲ್ಲಿ ಇಡಲಾಗಿದೆ ಎಂಬುದು ಮನೆಯ ಎಲ್ಲ ಹಿರಿಯರಿಗೂ ತಿಳಿದಿರಲಿ. ಕಚೇರಿಯ ಹಣ ಒಂದು ತಿಂಗಳು ತಡವಾಗಿ ಬಂದರೂ ನಡೆದೀತು. ಪ್ರೀಮಿಯಂ ಒಂದು ದಿನವೂ ತಡವಾಗಬಾರದು.