ಗಣಕಜಾಲಗಳಲ್ಲಿ ಬಹುಗ್ರಾಹಕ ಪ್ರೇಷಣ

1

ಒಂದೇ ಮೂಲದಿಂದ ಹೊರಟ ಗ್ರಂಥವು ಹಲವರ ಕೈಸೇರಿದಾಗ ಎಲ್ಲರಲ್ಲಿಯೂ ಒಂದೇ ರೂಪದಿಂದ ಉಳಿಯುವುದು ದುರ್ಲಭವೆಂಬುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ಬಲ್ಲರಷ್ಟೆ. ಒಂದು ಓಲೆಪ್ರತಿಯಲ್ಲಿ ಒಂದು ಗರಿ ಲುಪ್ತವಾಗಿದ್ದರೆ ಮತ್ತೊಂದರಲ್ಲಿ ಬೇರೊಂದು ಗರಿ ಲುಪ್ತವಾಗಿರುವುದು. ಗಣಕಯಂತ್ರಗಳ ಜಾಲದಲ್ಲಿಯೂ ಇದೇ ತೊಡಕು ಬೇರೊಂದು ವೇಷದಿಂದ ಕಾಣಿಸಿಕೊಳ್ಳುತ್ತದೆ. ಒಬ್ಬನು ಮತ್ತೊಬ್ಬನಿಗೆ ಕಳುಹಿಸುವ ದತ್ತಾಂಶವನ್ನು ಲೋಪವಿಲ್ಲದೆ ಮುಟ್ಟಿಸುವ ಉಪಾಯವು 1970ರ ದಶಕದಲ್ಲಿಯೇ ಸಿದ್ಧವಾಯಿತು. ಆದರೆ ಅದೇ ದತ್ತಾಂಶವನ್ನು ಏಕಕಾಲದಲ್ಲಿ ಸಾವಿರಾರು ಮಂದಿಗೆ ಮುಟ್ಟಿಸಬೇಕಾದಾಗ ಆ ಉಪಾಯವೇ ವಿಘ್ನವಾಗಿ ಪರಿಣಮಿಸಿತು. ಹೀಗಾಗಲು ಕಾರಣವೇನು, ಪರಿಹಾರಾರ್ಥವಾಗಿ ವಿದ್ವಾಂಸರು ಹಿಡಿದ ಮಾರ್ಗಗಳಾವುವು, ಅವುಗಳಿಂದ ‘ಮುಟ್ಟಿಸುವುದು’ ಎಂಬ ಮಾತಿನ ಅರ್ಥವೇ ಹೇಗೆ ಬದಲಾಯಿತು ಎಂಬುವೇ ಇಲ್ಲಿ ವಿಚಾರಿಸತಕ್ಕ ಅಂಶಗಳು.

2

ಜಾಲದಲ್ಲಿ ದತ್ತಾಂಶವು ಅಖಂಡವಾಗಿ ಹರಿಯದೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುವುದು. ಇವುಗಳಿಗೆ ಪ್ಯಾಕೆಟ್ಟುಗಳೆಂದು ರೂಢಿಯ ಹೆಸರು. ದಾರಿಯಲ್ಲಿರುವ ರೌಟರುಗಳೆಂಬ ಯಂತ್ರಗಳು ಪ್ರತಿಯೊಂದು ಪೊಟ್ಟಣದ ವಿಳಾಸವನ್ನು ನೋಡಿ ಅದನ್ನು ಮುಂದಕ್ಕೆ ಕಳುಹಿಸುವುವು. ಹೊರೆ ಮಿತಿಮೀರಿದಾಗ ರೌಟರು ಕೆಲವನ್ನು ಕೈಬಿಡುವುದು. ಇದು ಅಪಘಾತವಲ್ಲ, ಇಂಟರ್ನೆಟ್ಟಿನ ರಚನೆಯಲ್ಲಿಯೇ ಒಪ್ಪಿಕೊಂಡ ಸಂಗತಿ. ನಷ್ಟವನ್ನು ತುಂಬಿಕೊಳ್ಳುವ ಹೊಣೆ ಎರಡು ತುದಿಗಳಲ್ಲಿರುವ ಯಂತ್ರಗಳದು.

ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ವಿಚಾರಗಳಿಂದ ಹುಟ್ಟಿ, 1981ರಲ್ಲಿ ಸ್ಥಿರರೂಪವನ್ನು ತಾಳಿದ ಟಿ.ಸಿ.ಪಿ. ಎಂಬ ನಿಯಮಾವಳಿಯು ಈ ಹೊಣೆಯನ್ನು ನಿರ್ವಹಿಸುವ ಕ್ರಮವು ಸರಳವಾದುದು. ಪ್ರೇಷಕನು ತಾನು ಕಳುಹಿಸಿದುದಕ್ಕೆ ಕ್ರಮಸಂಖ್ಯೆಯನ್ನು ಹಾಕುವನು. ಗ್ರಾಹಕನು ತನಗೆ ಮುಟ್ಟಿದುದಕ್ಕೆ ಸ್ವೀಕೃತಿಯನ್ನು ಕಳುಹಿಸುವನು. ತಕ್ಕ ಕಾಲದೊಳಗೆ ಸ್ವೀಕೃತಿ ಬಾರದಿದ್ದರೆ ಪ್ರೇಷಕನು ಅದನ್ನೇ ಮತ್ತೆ ಕಳುಹಿಸುವನು. ರಿಜಿಸ್ಟರು ಮಾಡಿದ ಅಂಚೆಗೆ ರಶೀತಿಯನ್ನು ಕೇಳುವ ಪದ್ಧತಿಯಂತೆಯೇ ಇದು. ಇಲ್ಲಿ ಎಚ್ಚರವೆಲ್ಲವೂ ಪ್ರೇಷಕನಲ್ಲಿ ನೆಲೆಸಿರುವುದನ್ನು ಗಮನಿಸತಕ್ಕದ್ದು.

3

ಗ್ರಾಹಕರು ಅನೇಕರಾದಾಗ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸುವುದು ಒಂದು ದಾರಿ. ಆಗ ಸಾವಿರ ಮಂದಿಗಾಗಿ ಒಂದೇ ಪೊಟ್ಟಣವು ಪ್ರೇಷಕನ ಬಾಗಿಲಿನ ತಂತಿಯ ಮೇಲೆ ಸಾವಿರ ಸಲ ಹಾಯಬೇಕಾಗುವುದು. ಈ ದುಂದನ್ನು ನಿವಾರಿಸುವ ಕ್ರಮವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಟೀವ್ ಡೀರಿಂಗ್ 1989ರಲ್ಲಿ ನಿರೂಪಿಸಿದರು. ಇದಕ್ಕೆ ಐ.ಪಿ. ಮಲ್ಟಿಕಾಸ್ಟ್ ಎಂದು ಹೆಸರು. ಇದರಲ್ಲಿ 224.0.0.0 ಮೊದಲುಗೊಂಡು 239.255.255.255ರವರೆಗಿನ ವಿಳಾಸಗಳು ವ್ಯಕ್ತಿಗಳಿಗಲ್ಲದೆ ಗುಂಪುಗಳಿಗೆ ಮೀಸಲಾದುವು. ಬೇಕಾದವರು ಗುಂಪನ್ನು ಸೇರುವರು, ಬೇಡವಾದಾಗ ಬಿಡುವರು. ಪ್ರೇಷಕನು ಒಮ್ಮೆ ಕಳುಹಿಸಿದರೆ ಸಾಕು. ದಾರಿ ಕವಲೊಡೆಯುವ ಸ್ಥಳದಲ್ಲಿ ಮಾತ್ರ ರೌಟರು ಪ್ರತಿಮಾಡುವುದು. ಗುಂಪಿನಲ್ಲಿ ಯಾರಿರುವರು, ಎಷ್ಟು ಮಂದಿಯಿರುವರು ಎಂಬುದು ಪ್ರೇಷಕನಿಗೆ ತಿಳಿದಿರಬೇಕಾದುದಿಲ್ಲ. 1992ರ ಮಾರ್ಚಿಯಲ್ಲಿ ಸಾನ್ ಡಿಯೇಗೋ ನಗರದಲ್ಲಿ ನಡೆದ ಇಂಟರ್ನೆಟ್ ತಂತ್ರಜ್ಞರ ಸಭೆಯ ಧ್ವನಿಯನ್ನು ಈ ಕ್ರಮದಿಂದ 20 ಸ್ಥಳಗಳಿಗೆ ಮುಟ್ಟಿಸಲಾಯಿತು.

ಧ್ವನಿಯಲ್ಲಿ ಒಂದು ಚೂರು ಕಳೆದರೂ ಮಾತಿನ ಅರ್ಥವು ತಿಳಿಯುವುದು. ಆದರೆ ಗ್ರಂಥವಾಗಲಿ, ಲೆಕ್ಕದ ಕಡತವಾಗಲಿ, ಯಂತ್ರವನ್ನು ನಡೆಸುವ ಆದೇಶಗಳಾಗಲಿ ಒಂದು ಚೂರು ಕಳೆದರೆ ಇಡಿಯಾಗಿ ಕೆಡುವುದುಂಟು. ನಿಜವಾದ ಸಮಸ್ಯೆ ಹುಟ್ಟುವುದು ಇಲ್ಲಿ.

4

ಒಂದು ಲೆಕ್ಕದಿಂದ ಇದರ ಪ್ರಮಾಣವು ಸ್ಪಷ್ಟವಾಗುವುದು. ಗ್ರಾಹಕರು 1,000 ಮಂದಿ, ಪೊಟ್ಟಣಗಳು 10,000 ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬನೂ ಪ್ರತಿಯೊಂದಕ್ಕೂ ಸ್ವೀಕೃತಿಯನ್ನು ಕಳುಹಿಸಿದರೆ ಪ್ರೇಷಕನ ಮೇಲೆ ಬಂದು ಬೀಳುವ ಸ್ವೀಕೃತಿಗಳು ಒಂದು ಕೋಟಿ. ಕಳುಹಿಸಿದ ಮಾತಿಗಿಂತ ‘ಮುಟ್ಟಿತು’ ಎಂಬ ಮಾತೇ ಅಧಿಕವಾಗಿ, ಅದರ ನೂಕುನುಗ್ಗಲಿನಿಂದಲೇ ಹೊಸ ನಷ್ಟಗಳುಂಟಾಗುವುವು. ಇನ್ನು ನೂರರಲ್ಲಿ ಒಂದು ಪೊಟ್ಟಣವು ಒಬ್ಬೊಬ್ಬನಿಗೂ ಸ್ವತಂತ್ರವಾಗಿ ತಪ್ಪುವುದೆಂದರೆ, ಸಾವಿರ ಮಂದಿಗೂ ಮೊದಲ ಸಲದಲ್ಲಿಯೇ ಮುಟ್ಟುವ ಪೊಟ್ಟಣವು ಸುಮಾರು 23,000ಕ್ಕೆ ಒಂದು ಮಾತ್ರ. ಒಬ್ಬನಿಗೆ ಅಪರೂಪವಾದ ನಷ್ಟವು ಗುಂಪಿಗೆ ನಿತ್ಯಧರ್ಮವಾಗುವುದೆಂಬುದು ಇದರ ತಾತ್ಪರ್ಯ.

5

ಮೊದಲನೆಯ ಪರಿಹಾರವು ಹೊಣೆಯನ್ನು ಪ್ರೇಷಕನಿಂದ ಗ್ರಾಹಕನಿಗೆ ವರ್ಗಾಯಿಸುವುದು. ಮುಟ್ಟಿದವನು ಮೌನವಾಗಿರಲಿ, ಕ್ರಮಸಂಖ್ಯೆಯಲ್ಲಿ ಬಿರುಕನ್ನು ಕಂಡವನು ಮಾತ್ರ ಕೇಳಲಿ. ಆದರೆ ಮೂಲದ ಬಳಿಯಲ್ಲಿಯೇ ಪೊಟ್ಟಣವು ಕಳೆದುಹೋದರೆ ಸಾವಿರ ಮಂದಿಯೂ ಒಟ್ಟಿಗೆ ಕೇಳುವರಲ್ಲ! ಇದಕ್ಕೆ ಸಮಾಧಾನವನ್ನು ಸ್ಯಾಲಿ ಫ್ಲಾಯ್ಡ್, ವ್ಯಾನ್ ಜೇಕಬ್‌ಸನ್ ಮೊದಲಾದವರು 1995ರಲ್ಲಿ ಪ್ರಕಟಿಸಿದರು. ದೂರದಲ್ಲಿರುವವರು ಒಂದೇ ಹಲಗೆಯ ಮೇಲೆ ಕೂಡಿ ಬರೆಯುವ ಸಾಧನವೊಂದು ಇವರ ವ್ಯವಸ್ಥೆಗೆ ನಿದರ್ಶನವಾಗಿದ್ದಿತು. ಅದರಂತೆ, ನಷ್ಟವನ್ನು ಕಂಡವನು ಕೂಡಲೆ ಕೇಳದೆ, ದೂರಕ್ಕನುಗುಣವಾಗಿ ಅನಿಯತವಾದ ಸ್ವಲ್ಪ ಕಾಲ ಕಾಯುವನು. ಅಷ್ಟರಲ್ಲಿ ಮತ್ತೊಬ್ಬನ ಬೇಡಿಕೆ ಕೇಳಿಬಂದರೆ ತಾನು ಸುಮ್ಮನಾಗುವನು. ತರಗತಿಯಲ್ಲಿ ಹತ್ತು ಮಂದಿಗೆ ಒಂದು ಪದವು ಕೇಳಿಸದಿದ್ದಾಗ ಒಬ್ಬನು ಎದ್ದು ಕೇಳಿದರೆ ಉಳಿದವರು ಸುಮ್ಮನಿರುವಂತೆ ಇದು. ಉತ್ತರವನ್ನು ಮೂಲಪ್ರೇಷಕನೇ ಕೊಡಬೇಕೆಂಬ ನಿರ್ಬಂಧವೂ ಇಲ್ಲ. ಯಾರಲ್ಲಿ ಪ್ರತಿಯಿರುವುದೋ ಅವರೇ ಕೊಡಬಹುದು. ನೆರೆಯ ಮಠದ ಪ್ರತಿಯಿಂದ ಲುಪ್ತವಾದ ಗರಿಯನ್ನು ತುಂಬಿಕೊಂಡಂತೆ.

ಇಲ್ಲಿಯೂ ಎರಡು ಕೊರತೆಗಳುಂಟು. ಕಟ್ಟಕಡೆಯ ಪೊಟ್ಟಣವೇ ಕಳೆದುಹೋದರೆ ಅದರ ಮುಂದೆ ಬರುವುದೇನೂ ಇಲ್ಲವಾದ್ದರಿಂದ ಬಿರುಕು ಕಾಣುವುದಿಲ್ಲ. ಆದುದರಿಂದ ‘ಇದುವರೆಗೆ ಬಂದುದು ಇಷ್ಟು’ ಎಂದು ಗುಂಪಿನವರು ಆಗಾಗ ಸಾರುತ್ತಿರಬೇಕು. ಎರಡನೆಯದಾಗಿ, ಒಬ್ಬನ ತಂತಿ ಕೆಟ್ಟಿದ್ದರೆ ಅವನ ಬೇಡಿಕೆಗಳೂ ಅವಕ್ಕೆ ಬಂದ ಉತ್ತರಗಳೂ ಗುಂಪಿಗೆಲ್ಲ ಉಪದ್ರವವಾಗುವುವು. ಇದರ ನಿವಾರಣೆಗಾಗಿ ಜಾನ್ ಲಿನ್, ಸಂಜೋಯ್ ಪಾಲ್ ಎಂಬವರು 1996ರಲ್ಲಿ ಗ್ರಾಹಕರನ್ನು ಶ್ರೇಣಿಗಳಾಗಿ ವಿಂಗಡಿಸಿ, ಪ್ರತಿಯೊಂದು ಪ್ರದೇಶಕ್ಕೂ ಒಬ್ಬ ನಿಯುಕ್ತ ಗ್ರಾಹಕನನ್ನು ಇಟ್ಟರು. ಅವನು ತನ್ನ ಪ್ರದೇಶದ ಸ್ವೀಕೃತಿಗಳನ್ನು ತಾನೇ ಕೂಡಿಹಾಕಿಕೊಂಡು ನಷ್ಟವನ್ನು ಅಲ್ಲಿಯೇ ತುಂಬಿಕೊಡುವನು.

6

ಮೇಲ್ಕಂಡ ಮಾರ್ಗಗಳಲ್ಲಿ ಕಳೆದ ಪೊಟ್ಟಣವನ್ನೇ ಮತ್ತೆ ಕಳುಹಿಸಬೇಕು. ಎರಡನೆಯ ಬಗೆಯ ಪರಿಹಾರವು ಗಣಿತದಿಂದ ಬಂದುದು. 7, 4, 9, 2 ಎಂಬ ನಾಲ್ಕು ಸಂಖ್ಯೆಗಳೊಡನೆ ಅವುಗಳ ಮೊತ್ತವಾದ 22ನ್ನೂ ಕಳುಹಿಸಿದರೆಂದು ಭಾವಿಸೋಣ. 4ನ್ನು ಕಳೆದುಕೊಂಡವನು 22ರಲ್ಲಿ ಉಳಿದ ಮೂರರ ಮೊತ್ತವಾದ 18ನ್ನು ಕಳೆದು ಅದನ್ನು ಪಡೆಯುವನು. 9ನ್ನು ಕಳೆದುಕೊಂಡವನು 13ನ್ನು ಕಳೆದು ಪಡೆಯುವನು. ಬೇರೆ ಬೇರೆ ನಷ್ಟಗಳಿಗೆ ಒಂದೇ ಔಷಧವು ಸಾಕಾಯಿತು. ಯಾರಿಗೆ ಯಾವುದು ತಪ್ಪಿತೆಂದು ಕೇಳಬೇಕಾಗಲಿಲ್ಲ.

ಈ ತತ್ತ್ವವನ್ನು ಬೆಳಸಿ ಬೈಯರ್ಸ್, ಲೂಬಿ, ಮಿಟ್ಜೆನ್‌ಮಾಕರ್, ರೇಗೆ ಎಂಬವರು 1998ರಲ್ಲಿ ‘ಡಿಜಿಟಲ್ ಕಾರಂಜಿ’ಯ ಕಲ್ಪನೆಯನ್ನು ಮುಂದಿಟ್ಟರು. ಮೂಲದಿಂದ ರಚಿಸಿದ ಸಂಕೇತಪೊಟ್ಟಣಗಳು ಎಡೆಬಿಡದೆ ಚಿಮ್ಮುತ್ತಿರುವುವು. ಮೂಲದಲ್ಲಿದ್ದಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಸಂಖ್ಯೆಯ, ಯಾವ ಪೊಟ್ಟಣಗಳನ್ನು ಹಿಡಿದರೂ ಗ್ರಂಥವು ಪೂರ್ಣವಾಗುವುದು. ತಡವಾಗಿ ಬಂದವನಿಗೂ ಭಂಗವಿಲ್ಲ. ಲೂಬಿ 2002ರಲ್ಲಿಯೂ, ಶೊಕ್ರೊಲ್ಲಾಹಿ 2006ರಲ್ಲಿಯೂ ಪ್ರಕಟಿಸಿದ ಸಂಕೇತಗಳು ಈ ಕಲ್ಪನೆಯನ್ನು ಪ್ರಯೋಗಕ್ಕೆ ತಂದುವು.

7

ಇಷ್ಟಾದರೂ ‘ಎಲ್ಲರಿಗೂ ಮುಟ್ಟಿತು’ ಎಂದು ಯಾರು ಹೇಳಬಲ್ಲರೆಂಬ ಪ್ರಶ್ನೆ ಉಳಿಯುತ್ತದೆ. ಗುಂಪಿನಲ್ಲಿ ಯಾರಿರುವರೆಂದು ಅರಿಯದ ಪ್ರೇಷಕನು ಹಾಗೆ ಹೇಳಲಾರನು. ಸದಸ್ಯರ ಪಟ್ಟಿಯನ್ನಿಟ್ಟುಕೊಂಡು, ಎಲ್ಲರೂ ಒಂದೇ ಕ್ರಮದಲ್ಲಿ ಒಂದೇ ಮಾತನ್ನು ಪಡೆಯಬೇಕೆಂಬ ಬಿಗಿಯಾದ ನಿಯಮವನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದ ಕೆನ್ ಬಿರ್ಮನ್ ಮೊದಲಾದವರು 1980ರ ದಶಕದಲ್ಲಿ ಸಾಧಿಸಿ ತೋರಿಸಿದರು. ಆದರೆ ಅದರ ವೆಚ್ಚವು ಗುಂಪು ಬೆಳೆದಂತೆ ಬೆಳೆಯುವುದು. ಕಾಲದ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ಯಂತ್ರವು ನಿಂತುಹೋಗುವ ಸಂಭವವಿದ್ದರೂ ಎಲ್ಲರ ಒಮ್ಮತವನ್ನು ಖಂಡಿತವಾಗಿ ಮುಗಿಸಿಕೊಡುವ ನಿಯತವಿಧಾನವು ಸಾಧ್ಯವಿಲ್ಲವೆಂಬುದನ್ನು ಫಿಷರ್, ಲಿಂಚ್, ಪ್ಯಾಟರ್‌ಸನ್ ಎಂಬವರು 1985ರಲ್ಲಿಯೇ ಸಾಧಿಸಿದ್ದರು.

ಆದುದರಿಂದಲೇ ಸರ್ವೋಪಯೋಗಿಯಾದ ಒಂದೇ ನಿಯಮಾವಳಿ ಹುಟ್ಟಲಿಲ್ಲ. ನಷ್ಟವಾದಾಗ ಕೇಳುವ ಕ್ರಮವನ್ನವಲಂಬಿಸಿದ ನಾರ್ಮ್ ಎಂಬುದು 2009ರಲ್ಲಿಯೂ, ಕಡತಗಳನ್ನು ಮರುಮಾತಿಲ್ಲದೆ ಹಂಚುವ ಫ್ಲೂಟ್ ಎಂಬುದು ಪರಿಷ್ಕೃತವಾಗಿ 2012ರಲ್ಲಿಯೂ ಇಂಟರ್ನೆಟ್ಟಿನ ನಿಯಮಪತ್ರಗಳಲ್ಲಿ ಸೇರಿದುವು. ಡೀರಿಂಗರ ಗುಂಪುವಿಳಾಸವು ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಎಲ್ಲೆಡೆಯೂ ಹರಡದಿದ್ದರೂ, ಷೇರುಪೇಟೆಯ ಧಾರಣೆಗಳನ್ನು ಸಾರುವ ಜಾಲಗಳಲ್ಲಿಯೂ ದೂರದರ್ಶನವನ್ನು ಹಂಚುವ ಜಾಲಗಳಲ್ಲಿಯೂ ಬಳಕೆಯಲ್ಲಿದೆ. ಧಾರಣೆಯು ತಡವಾದರೆ ನಿರರ್ಥಕ. ಗ್ರಂಥವು ತಡವಾದರೂ ಪೂರ್ಣವಾಗಿರಬೇಕು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಮೊದಲು ನಿಶ್ಚಯವಾಗಬೇಕು. ಉಪಾಯವು ಅದನ್ನು ಅನುಸರಿಸಿ ಬರತಕ್ಕದ್ದು. ಒಬ್ಬನಿಗೆ ಮುಟ್ಟಿಸುವಲ್ಲಿ ಪ್ರೇಷಕನ ಎಚ್ಚರವು ಸಾಕಾಗಿದ್ದಿತು; ಹಲವರಿಗೆ ಮುಟ್ಟಿಸುವಲ್ಲಿ ತನ್ನ ಪ್ರತಿಯ ಲೋಪವನ್ನು ತಾನೇ ಕಂಡುಕೊಳ್ಳುವ ಗ್ರಾಹಕನೇ ಮೂಲದ ನಿಜವಾದ ರಕ್ಷಕನು.